ಬಸವನಹುಳು, ಚಾಟಿ ಮತ್ತು ನಗೆಯ ಕೂಲಿ

ಪತ್ರಿಕೆಯ ವ್ಯಂಗ್ಯಚಿತ್ರಕಾರನದು ಒಂಥರಾ ದಿನಗೂಲಿ. ಸಂಬಳ ತಿಂಗಳಿಗೆ ಬಂದರೂ ಲೆಕ್ಕ ದಿನದ್ದು. ನಿನ್ನೆ ಊರನ್ನೆಲ್ಲ ನಗಿಸಿದೆ, ಇವತ್ತು ಸುಮ್ಮನಿರ್ತೀನಿ ಅಂದರೆ ಯಾರೂ ಕೇಳೋದಿಲ್ಲ. ಬೆಳಿಗ್ಗೆ ಐದಾರು ಪತ್ರಿಕೆ ತಿರುವಿಹಾಕಿ, ಸುದ್ದಿಯ ಗುಡ್ಡೆಯಿಂದ ಒಂದನ್ನು ಹೆಕ್ಕಿ, ಪೆನ್ಸಿಲ್ಲಿನಲ್ಲಿ ಗೀಚಿ ಸಂಪಾದಕನ ಮೇಜಿನ ಮೇಲಿಡಬೇಕು. ಆತ ತಲೆಯಾಡಿಸಿದರೆ ಕಪ್ಪು ಶಾಯಿ, ಬ್ರಷ್ಷು. ಮೊಳೆ ಜೋಡಿಸುವ ಕಾಲದಲ್ಲಿ ಅದು ಹೊತ್ತಿಗೆ ಸರಿಯಾಗಿ ಬ್ಲಾಕ್ ಮಾಡುವವನ ಕೈ ಸೇರಬೇಕಿತ್ತು. ಹೊಲದ ಕೂಲಿಗೆ ಜಡಿಮಳೆಯಾದರೂ ಬಿಡುವು ಕೊಡುತ್ತೆ, ಇವನಿಗೆ ಅದೂ ಇಲ್ಲ.

ಈ ಅವಸರವೇ ಅವನ ಗೆರೆಯನ್ನು ರೂಪಿಸುತ್ತದೆ. ಓದುಗನಿಗೆ ಚಿತ್ರ ಅರೆಗಳಿಗೆಯಲ್ಲಿ ತಿಳಿಯಬೇಕು. ಆದ್ದರಿಂದ ಅವನು ಹೊಸದನ್ನು ವಿವರಿಸುತ್ತ ಕೂರಲಾರ. ಓದುಗನ ತಲೆಯಲ್ಲಿ ಮೊದಲೇ ಕೂತಿರುವುದನ್ನೇ ಕೆದಕಿ ನಗಿಸಬೇಕು. ಆ ತಲೆ ಯಾರದು? ಪೇಪರು ಕೊಳ್ಳೋನು ಯಾರು, ಪೇಪರಿನ ಧಣಿ ಯಾರು, ಪಕ್ಕದ ಕುರ್ಚಿಯವನು ಯಾರು? ನಗೆಯ ಇತಿಹಾಸ ಬರೆಯುವವರು ಇದನ್ನು ಕೇಳುವುದು ಕಮ್ಮಿ. ನಾವು ಕೇಳಲೇಬೇಕಾಗಿದೆ.

ಶಂಕರ್ ಅವರನ್ನೇ ನೋಡೋಣ. ಕೇರಳದ ಕಾಯಂಕುಲಂನ ಕೇಶವ ಶಂಕರ ಪಿಳ್ಳೈ ಮುಂಬಯಿಯಲ್ಲಿ ನೌಕರಿ ಮಾಡುತ್ತ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದವರು. 1932ರಲ್ಲಿ ಸಂಪಾದಕ ಪೋತನ್ ಜೋಸೆಫ್ ಅವರನ್ನು ದೆಹಲಿಯ ಹಿಂದೂಸ್ತಾನ್ ಟೈಮ್ಸ್‌ಗೆ ಕರೆದೊಯ್ದರು. (ಇದೇ ಜೋಸೆಫ್ 1948ರಲ್ಲಿ ಬೆಂಗಳೂರಿನ ಡೆಕ್ಕನ್ ಹೆರಾಲ್ಡ್‌ನ ಮೊದಲ ಸಂಪಾದಕರಾದರು.) ಅದು ಬಿರ್ಲಾ ಮನೆತನದ, ಕಾಂಗ್ರೆಸ್ಸಿನ ಕಡೆ ವಾಲಿದ ಪತ್ರಿಕೆ. ಅಲ್ಲಿ ದುಡಿದು 1946ರಲ್ಲಿ ಹೊರಬಂದ ಶಂಕರ್ 1948ರಲ್ಲಿ ತಮ್ಮದೇ ಶಂಕರ್ಸ್ ವೀಕ್ಲಿ ಆರಂಭಿಸಿದರು. ಅದನ್ನು ಉದ್ಘಾಟಿಸಿದ ಪ್ರಧಾನಿ ನೆಹರೂ, ನನ್ನನ್ನೂ ಬಿಡಬೇಡಿ ಅಂದರಂತೆ. ದೊಡ್ಡ ಮಾತು, ಒಪ್ಪೋಣ. ಅಧಿಕಾರದಲ್ಲಿರೋನು ತನ್ನನ್ನು ಗೇಲಿ ಮಾಡು ಅಂತ ಕರೆಯುವುದು ಒಂದು. ಊಟಕ್ಕೆ ಕೂತ ಪಂಕ್ತಿಯಿಂದಲೇ ಎಬ್ಬಿಸಿ ಕಳಿಸಿದವನನ್ನು ಗೇಲಿ ಮಾಡುವುದು ಇನ್ನೊಂದು. ಎರಡಕ್ಕೂ ಒಂದೇ ಶಾಯಿ ಸಾಕು, ಆದರೆ ಗಾಯ ಒಂದೇ ಅಲ್ಲ.

1949ರ ಆಗಸ್ಟ್ 28. ಆ ವಾರಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಸಂವಿಧಾನ ಒಂದು ಬಸವನಹುಳು. ಅದರ ಮೇಲೆ ಬಾಬಾಸಾಹೇಬರು ಕೂತಿದ್ದಾರೆ, ಅವರ ಕೈಯಲ್ಲೂ ಒಂದು ಚಾಟಿ. ಹಿಂದೆ ನೆಹರೂ ಚಾಟಿ ಎತ್ತಿದ್ದಾರೆ. ಸುತ್ತ ಜನ ನೋಡುತ್ತಿದ್ದಾರೆ. ತಡವಾಯಿತು, ಬೇಗ ನಡೆ ಅನ್ನುವುದು ಜೋಕು.

ತಡ ಮಾಡಿದವರು ಯಾರು? ಕರಡು ಸಮಿತಿ ನೇಮಕವಾದದ್ದು 1947ರ ಆಗಸ್ಟ್ 29ರಂದು. ಚಿತ್ರ ಬಂದ ದಿನಕ್ಕೆ ಎರಡು ವರ್ಷ ತುಂಬಲು ಒಂದು ದಿನ ಬಾಕಿ. ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನು ಕೆಲವರಿಗೆ ಬೇರೆ ಕೆಲಸ, ಕಾಯಿಲೆ. ಕೊನೆಗೆ ಭಾರವೆಲ್ಲ ಅಂಬೇಡ್ಕರ್ ಒಬ್ಬರ ಹೆಗಲಿಗೆ ಬಿತ್ತು ಅಂತ ಅದೇ ಸಮಿತಿಯ ಟಿ.ಟಿ. ಕೃಷ್ಣಮಾಚಾರಿ 1948ರ ನವೆಂಬರ್ 5ರಂದು ಸಭೆಯಲ್ಲೇ ಹೇಳಿದ್ದರು. ತಿದ್ದುಪಡಿಗಳು ಬಂದದ್ದು 7,635. ಅವುಗಳಲ್ಲಿ 2,473 ಮಂಡನೆಯಾದವು. ಎಲ್ಲಕ್ಕೂ ಎದ್ದು ನಿಂತು ಉತ್ತರ ಕೊಡಬೇಕಾಗಿದ್ದವರು ಮುಖ್ಯವಾಗಿ ಈ ಕಾಯಿಲೆಯ ಮನುಷ್ಯ. ದೆಹಲಿಯಲ್ಲಿ ಪೇಪರು ಓದುವ ಯಾರಿಗೂ ಸಿಗುವ ಸಂಗತಿ ಇದು. ಆದರೆ ವಾರದ ಚಿತ್ರ ತಯಾರಾಗಬೇಕಿತ್ತು, ಬಸವನಹುಳು ಸುಲಭಕ್ಕೆ ಸಿಕ್ಕಿತು.

ಇನ್ನು ಚಾಟಿ. ಶಂಕರ್ ಅವರಿಗೆ ಅದು ಕುದುರೆಗಾಡಿಯ ಉಪಮೆ ಇದ್ದೀತು. ನಮ್ಮ ಅಪ್ಪ ಅಜ್ಜಂದಿರಿಗೆ ಉಪಮೆಯಲ್ಲ. ಜೀತಕ್ಕಿದ್ದವರ ಬೆನ್ನು ಮುಟ್ಟಿ ನೋಡಿದವರು ನಾವು. ಜೀತ ರದ್ದು ಕಾಯಿದೆ ಬಂದದ್ದೇ 1976ರಲ್ಲಿ. ಮೇಲುಜಾತಿಯವನ ಕೈಯ ಚಾಟಿಯ ಮುಂದೆ ಹೊಲೆಯ ಮಾದಿಗರ ಮಗ ಕೂತಿರುವುದನ್ನು ನೋಡಿ ನಗಬೇಕಾದರೆ, ಆ ಸಪ್ಪಳ ಕಿವಿಗೆ ಬಿದ್ದೇ ಇರಬಾರದು. ಶಂಕರ್ ಕೆಟ್ಟವರು ಅಂತ ನಾವು ಹೇಳೋದಿಲ್ಲ. ಅವರ ಮೇಜಿನ ಸುತ್ತ ಆ ಸಪ್ಪಳ ಕೇಳಿದವರು ಇರಲಿಲ್ಲ ಅಂತೀವಿ.

ಆ ಮೇಜು ಆಮೇಲಾದರೂ ಬದಲಾಯಿತೇ? 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತ ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿಕೊಂಡು ಹೊರಟರು. ಸರ್ಕಾರದ ಮಾನ್ಯತೆ ಪಡೆದವರ ಪಟ್ಟಿಯಲ್ಲಿ 686 ಹೆಸರು. ವಿಚಾರಿಸಿದ ಕಡೆಯಲ್ಲೆಲ್ಲ ಒಬ್ಬನೂ ಸಿಗಲಿಲ್ಲ. ಅದಕ್ಕೂ ಹಿಂದೆ, 1920ರಲ್ಲಿ, ದುಡ್ಡು ಕೊಡ್ತೀವಿ ಅಂದರೂ ಮೂಕನಾಯಕದ ಜಾಹೀರಾತನ್ನು ಕೇಸರಿ ಪತ್ರಿಕೆ ಹಾಕಲಿಲ್ಲ.

ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಮಾತು ಬಾರದೆ ಇರದು. ಕೊರವಂಜಿಗೆ ಚಿತ್ರ ಬರೆದ ಹುಡುಗ, ಮುಂಬಯಿಯ ಜೆ.ಜೆ. ಕಲಾಶಾಲೆ ಬೇಡ ಅಂದ ಹುಡುಗ, 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿ ದಶಕಗಳ ಕಾಲ ದಿನಾ ಗೆರೆ ಎಳೆದರು. ಆ ದುಡಿಮೆಗೆ ಕೈ ಮುಗಿಯಬೇಕು. ಆದರೆ ಅವರ ಶ್ರೀಸಾಮಾನ್ಯ ಪಂಚೆ, ಚೌಕಳಿ ಕೋಟು, ಕನ್ನಡಕದವನು. ಬಾಯಿ ಬಿಡದೆ ಎಲ್ಲವನ್ನೂ ನೋಡುತ್ತಾನೆ. ಮಲ ಹೊರುವವಳು ಆ ಕೋಟಿನೊಳಕ್ಕೆ ಹೇಗೆ ಹಿಡಿದಾಳು? ಸಾಮಾನ್ಯ ಅನ್ನೋ ಪದಕ್ಕೂ ಒಂದು ಜಾತಿ ಇದೆ.

2006ರ ಹನ್ನೊಂದನೇ ತರಗತಿಯ ಪಠ್ಯಪುಸ್ತಕದಲ್ಲಿ ಬಸವನಹುಳು ಮತ್ತೆ ಬಂತು. 2012ರ ಮೇ ತಿಂಗಳಲ್ಲಿ ಸಂಸತ್ತು ಗದ್ದಲವಾಯಿತು. ಸಚಿವ ಕಪಿಲ್ ಸಿಬಲ್ ಕ್ಷಮೆ ಕೇಳಿದರು. ಸಲಹೆಗಾರರಾದ ಯೋಗೇಂದ್ರ ಯಾದವ್, ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳಶೀಕರರ ಕಚೇರಿಗೆ ನುಗ್ಗಿ ದಾಂಧಲೆ ಮಾಡಿದರು. ಅದು ನಮ್ಮ ದಾರಿಯಲ್ಲ. ಪುಸ್ತಕ ಹಿಡಿಯಲು ಕಲಿಸಿದವನ ಹೆಸರಲ್ಲಿ ಪುಸ್ತಕದ ಕೋಣೆ ಒಡೆಯೋದು ಯಾವ ನ್ಯಾಯ? ಇನ್ನೂ ಒಂದು ತಮಾಷೆ ನೋಡಿ. ನಮ್ಮ ನೋವಿನ ಬೆನ್ನಮೇಲೆ ಹತ್ತಿ ಕೂತ ರಾಜಕಾರಣಿಗಳು, ತಮ್ಮನ್ನು ಗೇಲಿ ಮಾಡುವ ಚಿತ್ರಗಳನ್ನೂ ಪಠ್ಯದಿಂದ ಕಿತ್ತುಹಾಕಿ ಅಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಸೀಮ್ ತ್ರಿವೇದಿ ಎಂಬ ವ್ಯಂಗ್ಯಚಿತ್ರಕಾರನನ್ನು ಮುಂಬಯಿಯಲ್ಲಿ ರಾಜದ್ರೋಹದ ಮೇಲೆ ಬಂಧಿಸಿದರು. ಶಂಕರ್ಸ್ ವೀಕ್ಲಿ ಕೂಡ ನಿಂತದ್ದು 1975ರಲ್ಲಿ, ತುರ್ತುಪರಿಸ್ಥಿತಿಯ ಮೊದಲ ತಿಂಗಳುಗಳಲ್ಲಿ. ಗೆರೆಗೆ ಕೋಳ ತೊಡಿಸುವವರ ಜೊತೆ ನಾವು ನಿಲ್ಲಲಾರೆವು.

ಹಾಗಾದರೆ ಏನು ಮಾಡೋದು? ಉನ್ನಮತಿ ಶ್ಯಾಮ್ ಸುಂದರ್ ಮಾಡಿದ್ದನ್ನು ಮಾಡೋದು. ಅವರು ಸ್ವತಃ ವ್ಯಂಗ್ಯಚಿತ್ರಕಾರರು, ಸಂಶೋಧಕರು. 2012ರ ಗದ್ದಲ ಅಡಗಿದ ಮೇಲೆ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಡತದಲ್ಲಿ ಕೂತು, ಬಾಬಾಸಾಹೇಬರ ಮೇಲೆ ಬಂದ ನೂರಕ್ಕೂ ಹೆಚ್ಚು ಚಿತ್ರಗಳನ್ನು ಹೆಕ್ಕಿ, 2019ರಲ್ಲಿ ಪುಸ್ತಕ ಮಾಡಿದರು. ಶಂಕರ್, ಎನ್ವರ್ ಅಹ್ಮದ್, ಲಕ್ಷ್ಮಣ್ ಎಲ್ಲರೂ ಅದರಲ್ಲಿದ್ದಾರೆ. ಒಂದು ಚಿತ್ರ ಕಂಡಾಗ ಜೋಕು ಅನ್ನಬಹುದು. ನೂರು ಚಿತ್ರ ಸಾಲಾಗಿ ಕಂಡಾಗ ಅದು ಒಂದು ಕಚೇರಿಯ ದಿನಚರಿ.

ಆ ಬಸವನಹುಳುವಿನ ಚಿತ್ರವನ್ನು ನಾವು ಮತ್ತೆ ನೋಡಿದೆವು. ಈ ಸಲ ಚಾಟಿ ಬಿಟ್ಟು ಹಿಂದೆ ನಿಂತ ಜನರ ಮುಖಗಳನ್ನೇ ಒಂದೊಂದಾಗಿ ನೋಡಿದೆವು. ನಮ್ಮ ಕೇರಿಯ ಮುಖ ಕಾಣಲಿಲ್ಲ.