ವಿಕಿರಣಶೀಲ ಪ್ರತಿಕಾಯ ಚಿಕಿತ್ಸೆ

ವಿಕಿರಣಶೀಲ ಪ್ರತಿಕಾಯ ಚಿಕಿತ್ಸೆ ಎಂಬುದು ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಅಂಟಿಕೊಳ್ಳಬಲ್ಲ ಪ್ರತಿಕಾಯಕ್ಕೆ ವಿಕಿರಣಶೀಲ ಪರಮಾಣುವನ್ನು ಜೋಡಿಸಿ, ರಕ್ತನಾಳದ ಮೂಲಕ ರೋಗಿಗೆ ನೀಡುವ ಚಿಕಿತ್ಸಾಕ್ರಮ. ಇದನ್ನು ರೇಡಿಯೋಇಮ್ಯುನೋಥೆರಪಿ ಎಂದೂ ಕರೆಯುತ್ತಾರೆ. ಇದೇ ತತ್ತ್ವವನ್ನು ಗಡ್ಡೆಗಳ ನೆಲೆಯನ್ನು ಪತ್ತೆಹಚ್ಚಲೂ ಬಳಸಲಾಗುತ್ತದೆ. ಹೊರಗಿನಿಂದ ಕಿರಣ ಹಾಯಿಸುವ ಚಿಕಿತ್ಸೆಯು ಸಾಮಾನ್ಯವಾಗಿ ದೇಹದ ಒಂದು ಭಾಗಕ್ಕೆ ಸೀಮಿತವಾಗಿರುತ್ತದೆ. ಈ ವಿಧಾನವಾದರೋ ಹಲವೆಡೆ ಹರಡಿದ ರೋಗವನ್ನೂ ತಲುಪಬಲ್ಲದು.

ತತ್ತ್ವ

ಪ್ರತಿಕಾಯವು ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಒಂದು ಪ್ರೋಟೀನು. ಬೀಗಕ್ಕೆ ಕೀಲಿಕೈ ಹೊಂದುವಂತೆ ಅದು ತನಗೊಪ್ಪುವ ಪ್ರತಿಜನಕಕ್ಕೆ ಅಂಟಿಕೊಳ್ಳುತ್ತದೆ. ಕೆಲವು ಕ್ಯಾನ್ಸರ್ ಕೋಶಗಳ ಹೊರಮೈಯಲ್ಲಿ ಇಂತಹ ಪ್ರತಿಜನಕಗಳು ಹೇರಳವಾಗಿರುತ್ತವೆ. ಅಯೋಡಿನ್ ಪರಮಾಣುವನ್ನು ಪ್ರತಿಕಾಯಕ್ಕೆ ನೇರವಾಗಿಯೇ ಜೋಡಿಸಬಹುದು. ಯಟ್ರಿಯಮ್‌ನಂತಹ ಲೋಹವನ್ನು ಜೋಡಿಸಲು ಅದನ್ನು ಬಿಗಿಯಾಗಿ ಹಿಡಿದಿಡುವ ಮಧ್ಯವರ್ತಿ ಅಣುವೊಂದು ಬೇಕು. ಬೀಟಾ ಕಣಗಳು ಅಂಗಾಂಶದಲ್ಲಿ ಕೆಲವು ಮಿಲಿಮೀಟರ್ ದೂರ ಸಾಗುವುದರಿಂದ, ಪ್ರತಿಕಾಯ ತಲುಪದ ನೆರೆಯ ಕ್ಯಾನ್ಸರ್ ಕೋಶಗಳೂ ನಾಶವಾಗುತ್ತವೆ.

ಇತಿಹಾಸ

1940ರ ದಶಕದ ಕೊನೆಯಲ್ಲಿ ಅಮೆರಿಕದ ಡೇವಿಡ್ ಪ್ರೆಸ್‌ಮನ್, ವಿಕಿರಣಶೀಲ ಅಯೋಡಿನ್ ಜೋಡಿಸಿದ ಪ್ರತಿಕಾಯಗಳು ಪ್ರಾಣಿದೇಹದಲ್ಲಿ ತಮ್ಮ ಗುರಿಯಾದ ಅಂಗವನ್ನು ಸೇರುತ್ತವೆಂದು ತೋರಿಸಿದರು. ಆದರೆ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ಮಾರ್ಗ ಆಗ ಇರಲಿಲ್ಲ. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಈ ಕೊರತೆಯನ್ನು ನೀಗಿದರು. ಈ ಸಾಧನೆಗೆ ಅವರಿಗೆ 1984ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. 1978ರಲ್ಲಿ ಡೇವಿಡ್ ಗೋಲ್ಡನ್‌ಬರ್ಗ್ ಮತ್ತು ಸಂಗಡಿಗರು ವಿಕಿರಣಶೀಲ ಪ್ರತಿಕಾಯಗಳಿಂದ ರೋಗಿಗಳ ಗಡ್ಡೆಗಳನ್ನು ಚಿತ್ರಿಸಿದ ವರದಿಯನ್ನು ಪ್ರಕಟಿಸಿದರು.

ರೋಗಪತ್ತೆ

ಪತ್ತೆಕಾರ್ಯಕ್ಕೆ ದೇಹದಿಂದ ಹೊರಬರಬಲ್ಲ ಗಾಮಾ ಕಿರಣಗಳು ಬೇಕು. ಇಂಡಿಯಮ್-111 ಸೂಸುವ ಕಿರಣಗಳನ್ನು ಗಾಮಾ ಕ್ಯಾಮೆರಾ ಗ್ರಹಿಸುತ್ತದೆ. ಪೆಟ್ ಸ್ಕ್ಯಾನ್‌ಗೆ ಜಿರ್ಕೋನಿಯಮ್-89 ಬಳಕೆಯಲ್ಲಿದೆ. ಪ್ರತಿಕಾಯವು ಗಡ್ಡೆಯಲ್ಲಿ ಸಾಕಷ್ಟು ಶೇಖರಗೊಳ್ಳಲು ಹಲವು ದಿನಗಳು ಬೇಕಾಗುವುದರಿಂದ, ಸುಮಾರು 78 ಗಂಟೆಗಳ ಇದರ ಅರ್ಧಾಯುಷ್ಯ ಅನುಕೂಲಕರವಾಗಿದೆ.

ಚಿಕಿತ್ಸೆ

ಬಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ ಹುಟ್ಟುವ ಲಿಂಫೋಮಾ ಕ್ಯಾನ್ಸರಿನಲ್ಲಿ ಈ ಚಿಕಿತ್ಸೆ ಹೆಚ್ಚು ಫಲ ನೀಡಿದೆ. ಈ ಕಣಗಳ ಮೇಲಿರುವ ಸಿಡಿ20 ಎಂಬ ಪ್ರತಿಜನಕ ರಕ್ತ ಹುಟ್ಟಿಸುವ ಮೂಲಕೋಶಗಳ ಮೇಲಿಲ್ಲ. ಆದ್ದರಿಂದ ಚಿಕಿತ್ಸೆಯಲ್ಲಿ ನಾಶವಾದ ಆರೋಗ್ಯವಂತ ಬಿ-ಕಣಗಳು ಮರಳಿ ಹುಟ್ಟಬಲ್ಲವು. ಸಿಡಿ20ನ್ನು ಗುರಿಯಾಗಿಸಿದ ಎರಡು ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು: 2002ರಲ್ಲಿ ಯಟ್ರಿಯಮ್-90 ಹೊತ್ತ ಜೆವಲಿನ್, 2003ರಲ್ಲಿ ಅಯೋಡಿನ್-131 ಹೊತ್ತ ಬೆಕ್ಸಾರ್. ಯಟ್ರಿಯಮ್-90ರ ಅರ್ಧಾಯುಷ್ಯ 64 ಗಂಟೆ, ಅಯೋಡಿನ್-131ರದು 8 ದಿನ. ಬಿಡುಗಡೆಯಾದ ಅಯೋಡಿನ್ ಥೈರಾಯ್ಡ್ ಗ್ರಂಥಿಯನ್ನು ಸೇರದಂತೆ ರೋಗಿಗೆ ಮೊದಲೇ ಸಾಮಾನ್ಯ ಅಯೋಡಿನ್ ಲವಣ ಕೊಡಲಾಗುತ್ತಿತ್ತು.

ಮಿತಿಗಳು

ಪ್ರತಿಕಾಯವು ದೊಡ್ಡ ಅಣು. ಅದು ರಕ್ತದಲ್ಲಿ ದಿನಗಟ್ಟಲೆ ಸುತ್ತುತ್ತಿರುವಾಗ ಅಸ್ಥಿಮಜ್ಜೆಗೂ ವಿಕಿರಣ ತಗಲುತ್ತದೆ. ಪರಿಣಾಮವಾಗಿ ಬಿಳಿ ರಕ್ತಕಣ ಮತ್ತು ಕಿರುಬಿಲ್ಲೆಗಳ ಸಂಖ್ಯೆ ಇಳಿದು ಸೋಂಕು ಹಾಗೂ ರಕ್ತಸ್ರಾವದ ಅಪಾಯ ಉಂಟಾಗುತ್ತದೆ. ಕೊಡಬಹುದಾದ ಪ್ರಮಾಣವನ್ನು ಮುಖ್ಯವಾಗಿ ನಿರ್ಧರಿಸುವುದು ಇದೇ. ಕರುಳು, ಸ್ತನ ಮುಂತಾದ ಅಂಗಗಳ ಘನ ಗಡ್ಡೆಗಳೊಳಗೆ ಪ್ರತಿಕಾಯ ನುಸುಳುವುದು ಕಷ್ಟ; ಅಲ್ಲದೆ ಲಿಂಫೋಮಾಕ್ಕೆ ಹೋಲಿಸಿದರೆ ಅವು ವಿಕಿರಣಕ್ಕೆ ಸುಲಭವಾಗಿ ಮಣಿಯವು. ಇಲಿಯ ಪ್ರತಿಕಾಯ ಬಳಸಿದಾಗ ರೋಗಿಯ ದೇಹವೇ ಅದನ್ನು ಪರಕೀಯವೆಂದು ಎದುರಿಸುವುದೂ ಉಂಟು.

ಪ್ರಸ್ತುತ ಸ್ಥಿತಿ

ಪರಿಣಾಮಕಾರಿಯಾಗಿದ್ದರೂ ಬೆಕ್ಸಾರ್‌ನ ಬಳಕೆ ಕುಸಿದು, 2014ರಲ್ಲಿ ಅದರ ಮಾರಾಟ ನಿಂತಿತು. ವಿಕಿರಣರಹಿತ ಔಷಧಗಳನ್ನು ಕ್ಯಾನ್ಸರ್ ತಜ್ಞರು ತಾವೇ ನೀಡಬಹುದಾಗಿದ್ದರೆ, ಇದಕ್ಕಾಗಿ ರೋಗಿಯನ್ನು ಪರಮಾಣು ವೈದ್ಯಕೀಯ ಕೇಂದ್ರಕ್ಕೆ ಕಳುಹಿಸಬೇಕಾಗಿತ್ತು. ಹೀಗೆ ಔಷಧದ ಗುಣವೊಂದೇ ಅದರ ಉಳಿವನ್ನು ನಿರ್ಧರಿಸಲಿಲ್ಲ.

ಅಸ್ಥಿಮಜ್ಜೆಗೆ ತಗಲುವ ವಿಕಿರಣವನ್ನು ತಗ್ಗಿಸುವ ಪ್ರಯತ್ನಗಳು ನಡೆದಿವೆ. ಒಂದು ವಿಧಾನದಲ್ಲಿ ಮೊದಲು ವಿಕಿರಣವಿಲ್ಲದ ಪ್ರತಿಕಾಯವನ್ನು ಕೊಟ್ಟು, ಅದು ರಕ್ತದಿಂದ ತೊಲಗಿದ ಬಳಿಕ ಅದಕ್ಕೆ ಅಂಟಿಕೊಳ್ಳುವ ಪುಟ್ಟ ವಿಕಿರಣಶೀಲ ಅಣುವನ್ನು ನೀಡಲಾಗುತ್ತದೆ. ಇನ್ನೊಂದರಲ್ಲಿ ಆಕ್ಟಿನಿಯಮ್-225ರಂತಹ ಆಲ್ಫಾ ಕಣ ಸೂಸುವ ಧಾತುಗಳನ್ನು ಬಳಸಲಾಗುತ್ತದೆ. ಆಲ್ಫಾ ಕಣಗಳು ಕೆಲವೇ ಕೋಶಗಳಷ್ಟು ದೂರ ಸಾಗುವುದರಿಂದ ಸುತ್ತಲಿನ ಆರೋಗ್ಯವಂತ ಅಂಗಾಂಶಕ್ಕೆ ಹಾನಿ ಕಡಿಮೆಯಾಗುವ ನಿರೀಕ್ಷೆಯಿದೆ.