ಬೆಳಕಿನ ಅಳತೆಗೆ ಸಿಕ್ಕ ಆಕಾಶಗಂಗೆ

ಆಕಾಶಗಂಗೆಯಲ್ಲಿ ಸೂರ್ಯನ ಸ್ಥಾನ ಎಲ್ಲಿ? ಮನೆಯೊಳಗೇ ಕುಳಿತು ಮನೆಯ ನಕ್ಷೆ ಬರೆಯುವಂಥ ಕೆಲಸವಿದು. ಖಗೋಳ ವಿಜ್ಞಾನಿಗಳ ಕೈಯಲ್ಲಿದ್ದುದು ನಕ್ಷತ್ರಗಳ ಬೆಳಕು ಮಾತ್ರ.

1785ರಲ್ಲಿ ವಿಲಿಯಂ ಹರ್ಷೆಲ್ ಒಂದೊಂದು ದಿಕ್ಕಿನಲ್ಲೂ ನಕ್ಷತ್ರಗಳನ್ನು ಎಣಿಸಿದರು. ಹೆಚ್ಚು ಕಂಡ ಕಡೆ ಅಂಚು ದೂರ ಎಂಬುದು ಅವರ ತರ್ಕ. ಸೂರ್ಯ ನಡುವಿನ ಹತ್ತಿರವೇ ಇದ್ದಾನೆಂದು ತೋರಿತು. 1922ರಲ್ಲಿ ಕ್ಯಾಪ್ಟೈನ್ ಅವರ ಲೆಕ್ಕವೂ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಅಷ್ಟರಲ್ಲಿ ಬೇರೊಂದು ದಾರಿ ತೆರೆದಿತ್ತು. ಸೆಫೀಡ್ ಎಂಬ ನಕ್ಷತ್ರಗಳ ಬೆಳಕು ನಿಯತವಾಗಿ ಏರಿಳಿಯುತ್ತದೆ. ಈ ಏರಿಳಿತದ ಅವಧಿ ಹೆಚ್ಚಿದಷ್ಟೂ ನಕ್ಷತ್ರದ ನಿಜಕಾಂತಿ ಹೆಚ್ಚು ಎಂಬುದನ್ನು 1912ರಲ್ಲಿ ಹಾರ್ವರ್ಡ್‌ನ ಹೆನ್ರಿಯೆಟಾ ಲೆವಿಟ್ ತೋರಿಸಿದರು. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ನಿಜಕಾಂತಿ ತಿಳಿದರೆ ದೂರವೂ ತಿಳಿದಂತೆ. ಈ ಅಳತೆಗೋಲನ್ನು ಆಧರಿಸಿ ಹಾರ್ಲೊ ಶೇಪ್ಲಿ ಗೋಳಾಕಾರದ ನಕ್ಷತ್ರಗುಚ್ಛಗಳ ದೂರ ಕಂಡುಹಿಡಿದರು. ಅವು ಧನು ರಾಶಿಯ ಕಡೆಗೇ ಹೆಚ್ಚಾಗಿ ನೆರೆದಿದ್ದವು. ಕೇಂದ್ರ ಅಲ್ಲಿದೆ, ಸೂರ್ಯ ಬಲು ದೂರದಲ್ಲಿದ್ದಾನೆ ಎಂದು ಅವರು 1918ರಲ್ಲಿ ಸಾರಿದರು. ಆದರೆ ಅವರು ಹೇಳಿದ 3 ಲಕ್ಷ ಜ್ಯೋತಿರ್ವರ್ಷಗಳ ವ್ಯಾಸ ಅತಿಯಾಗಿತ್ತು.

ಈ ತಪ್ಪಿಗೆ ಒಂದು ಕಾರಣ ದೂಳು. ಬೆಳಕಿನಿಂದ ದೂರ ಲೆಕ್ಕಹಾಕಿದಾಗ ದೂರದ ಗುಚ್ಛಗಳೆಲ್ಲ ಹತ್ತಿರದವಕ್ಕಿಂತ ದೊಡ್ಡವಾಗಿ ಕಾಣುವುದನ್ನು 1930ರಲ್ಲಿ ಲಿಕ್ ವೀಕ್ಷಣಾಲಯದ ರಾಬರ್ಟ್ ಟ್ರಂಪ್ಲರ್ ಗಮನಿಸಿದರು. ಗುಚ್ಛಗಳು ಹಾಗೆ ಊದಲು ಕಾರಣವಿಲ್ಲ; ನಡುವಿನ ದೂಳು ಬೆಳಕನ್ನು ನುಂಗುತ್ತಿತ್ತು. ದೂಳು ನೀಲಿಯನ್ನು ಹೆಚ್ಚು ತಡೆಯುವುದರಿಂದ ನಕ್ಷತ್ರ ಕೆಂಪೇರುತ್ತದೆ. ನೀಲಿ, ಹಳದಿ ಶೋಧಕಗಳಲ್ಲಿ ಬೆಳಕನ್ನು ಬೇರೆಬೇರೆಯಾಗಿ ಅಳೆದರೆ ದೂಳಿನ ಪಾಲನ್ನು ಕಳೆಯಬಹುದು.

ಇಂದಿನ ಲೆಕ್ಕದಂತೆ ಕೇಂದ್ರ ಸುಮಾರು 26,000 ಜ್ಯೋತಿರ್ವರ್ಷ ದೂರ. ಸೂರ್ಯನ ವಾಸ ನಡುಮನೆಯಲ್ಲಲ್ಲ.