ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ರಾತ್ರಿ ಹೊಲದ ಮನೆಗೆ ನುಗ್ಗಿ ಒಡವೆ ದೋಚಿದರು, ತಡೆಯಲು ಬಂದ ಯಜಮಾನನನ್ನು ಕೊಂದರು ಅಂತಿಟ್ಟುಕೊಳ್ಳಿ. ಮನೆಯಾಕೆ ಒಬ್ಬನ ಕಡೆ ಕೈ ತೋರಿಸಿ ‘ಇವನೇ’ ಅನ್ನುತ್ತಾಳೆ. ಅವನು ‘ನಾನು ಊರಲ್ಲೇ ಇರಲಿಲ್ಲ’ ಅನ್ನುತ್ತಾನೆ. ಅರಳಿಕಟ್ಟೆಯಲ್ಲಾದರೆ ಸಂಜೆಯೊಳಗೆ ತೀರ್ಪು ಬಂದುಬಿಡುತ್ತದೆ. ನ್ಯಾಯಾಲಯ ಈ ಎರಡು ಮಾತುಗಳನ್ನು ಹೇಗೆ ತೂಗುತ್ತದೆ? ಅದಕ್ಕೊಂದು ಉದ್ದನೆಯ ಇತಿಹಾಸವಿದೆ.

1872ರಲ್ಲಿ ಬ್ರಿಟಿಷರು ಸಾಕ್ಷ್ಯ ಕಾಯ್ದೆ ತಂದರು. ಬರೆದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಅದರ 11ನೇ ಕಲಮಿನಲ್ಲಿ ಒಂದು ಉದಾಹರಣೆ ಕೊಟ್ಟರು: ಅಪರಾಧ ನಡೆದದ್ದು ಕಲ್ಕತ್ತದಲ್ಲಿ, ಆರೋಪಿ ಆ ದಿನ ಇದ್ದದ್ದು ಲಾಹೋರಿನಲ್ಲಿ. ಹಾಗಾದರೆ ಲಾಹೋರಿನ ಸಂಗತಿಯನ್ನೂ ಕೋರ್ಟ್ ಕೇಳಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 9ನೇ ಕಲಮು. ಊರುಗಳು ಮಾತ್ರ ಚೆನ್ನೈ, ಲಡಾಖ್ ಎಂದಾಗಿವೆ. ‘ಅಲ್ಲಿರಲಿಲ್ಲ’ ಎನ್ನುವ ಈ ವಾದವನ್ನೇ ವಕೀಲರು ಅಲಿಬಿ ಅನ್ನುತ್ತಾರೆ.

ಮೊದಲು ಕಂಡವರ ಮಾತು. ಎಷ್ಟು ಜನ ಕಂಡಿರಬೇಕು ಎಂದು ಕಾನೂನು ಲೆಕ್ಕ ಹಾಕಿಲ್ಲ. 1957ರಲ್ಲಿ ಮದ್ರಾಸ್ ರಾಜ್ಯದ ಒಂದು ಕೊಲೆ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಸತ್ತವನ ಹೆಂಡತಿಯೊಬ್ಬಳೇ ನಂಬಬಹುದಾದ ಸಾಕ್ಷಿ. ಅವಳ ಮಾತಿನ ಮೇಲೆಯೇ ಶಿಕ್ಷೆ ಖಾಯಂ ಆಯಿತು. ಸಾಕ್ಷಿಗಳು ಮೂರು ಬಗೆ ಎಂದು ಕೋರ್ಟ್ ಆಗ ವಿವರಿಸಿತು: ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡರ ನಡುವಿನವರು. ಮೂರನೆಯವರ ಮಾತಿಗೆ ಬೇರೆ ಆಧಾರ ಹುಡುಕಬೇಕು.

ದರೋಡೆ ಕೇಸುಗಳಲ್ಲಿ ತೊಡಕು ಜಾಸ್ತಿ. ಬಂದವರು ಅಪರಿಚಿತರು, ಕತ್ತಲು, ಜೀವಭಯ. ಹಾಗಾಗಿ ಕೋರ್ಟ್ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ. ದೀಪ ಉರಿಯುತ್ತಿತ್ತೆ? ಎಷ್ಟು ದೂರದಿಂದ ಕಂಡಿರಿ? ಮುಖಕ್ಕೆ ಬಟ್ಟೆ ಕಟ್ಟಿದ್ದರೆ? ಮೊದಲ ದೂರಿನಲ್ಲಿ ಚಹರೆ ಹೇಳಿದ್ದಿರೆ? ಆರೋಪಿಯನ್ನು ಬೇರೆಯವರ ಜತೆ ಸಾಲಾಗಿ ನಿಲ್ಲಿಸಿ ಗುರುತಿಸುವ ಪರೇಡ್ ನಡೆಯುವುದೂ ಇದಕ್ಕೇ. ಅದಕ್ಕೆ ಮೊದಲೇ ಆರೋಪಿಯನ್ನೋ ಅವನ ಫೋಟೋವನ್ನೋ ಸಾಕ್ಷಿಗೆ ತೋರಿಸಿಬಿಟ್ಟರೆ ಪರೇಡಿಗೆ ಬೆಲೆ ಉಳಿಯದು. ಸಿಕ್ಕಿಬಿದ್ದವನ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕುವ ಮುನ್ನ ನಾವೆಲ್ಲ ಇದನ್ನು ನೆನೆಯಬೇಕು.

ಇನ್ನು ಅಲಿಬಿ. ‘ಊರಲ್ಲಿರಲಿಲ್ಲ’ ಅಂದರೆ ಸಾಲದು, ಆ ಹೊತ್ತಿಗೆ ಅಲ್ಲಿರಲು ಸಾಧ್ಯವೇ ಇರಲಿಲ್ಲ ಎಂದು ತೋರಿಸಬೇಕು. ಹುಣಸೂರಿನಲ್ಲಿ ರಾತ್ರಿ ಒಂಬತ್ತಕ್ಕೆ ಕೊಲೆಯಾಗಿದ್ದರೆ, ಏಳಕ್ಕೆ ಮೈಸೂರಿನಲ್ಲಿದ್ದೆ ಎಂಬ ಬಸ್ ಟಿಕೆಟ್ ಕಾಪಾಡದು. ಎರಡು ಗಂಟೆಯಲ್ಲಿ ಬಂದು ತಲುಪಬಹುದಲ್ಲ! ಅದೇ ಹೊತ್ತಿಗೆ ಮೈಸೂರಿನ ಆಸ್ಪತ್ರೆಯಲ್ಲಿ ದಾಖಲಾಗಿದ್ದೆ ಎಂಬ ದಾಖಲೆಗೆ ತೂಕವಿದೆ. ಅಲಿಬಿಯನ್ನು ಮೊದಲೇ ಹೇಳಬೇಕು. ವಿಚಾರಣೆ ಮುಗಿಯುವಾಗ ಎತ್ತಿದರೆ ಈಗ ಹೊಸೆದದ್ದೆಂಬ ಅನುಮಾನ ಬರುತ್ತದೆ.

ದೂಧನಾಥ್ ಪಾಂಡೆ ಪ್ರಕರಣದಲ್ಲಿ (1981) ಅಲಹಾಬಾದಿನ ಆರೋಪಿ ‘ಆಗ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದೆ’ ಅಂದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಪರಾಧ ಎತ್ತಿಹಿಡಿದು, ಗಲ್ಲನ್ನು ಮಾತ್ರ ಜೀವಾವಧಿಗೆ ಇಳಿಸಿತು. ಆದರೆ ಅದೇ ತೀರ್ಪಿನಲ್ಲಿ ಒಂದು ದೊಡ್ಡ ಮಾತಿದೆ: ಆರೋಪಿಯ ಪರ ಬಂದ ಸಾಕ್ಷಿಗಳನ್ನೂ ಸರ್ಕಾರದ ಸಾಕ್ಷಿಗಳಷ್ಟೇ ಗೌರವದಿಂದ ನೋಡಬೇಕು. ತಮ್ಮ ಕಡೆಯವನ ಪರ ಬಂದವರೆಲ್ಲ ಸುಳ್ಳರಲ್ಲ.

ಇನ್ನೊಂದು ನಿಯಮ ಮರೆಯಬಾರದು. ಅಲಿಬಿ ಸುಳ್ಳಾದ ಮಾತ್ರಕ್ಕೆ ಅವನೇ ಕೊಲೆಗಾರ ಎಂದಾಗದು. ಹೆದರಿದ ನಿರಪರಾಧಿಯೂ ಸುಳ್ಳು ಹೇಳಬಹುದು. ಆರೋಪ ರುಜುವಾತು ಮಾಡುವ ಹೊರೆ ಕೊನೆವರೆಗೂ ಸರ್ಕಾರದ್ದೇ.

ಇದೆಲ್ಲ ದೂರದ ಮಾತು ಅನ್ನಿಸಿದರೆ ನಮ್ಮ ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರಕ್ಕೆ ಬನ್ನಿ. 2020ರಲ್ಲಿ ಆ ಠಾಣೆ ಸರಹದ್ದಿನಲ್ಲಿ ಅಸ್ಥಿಪಂಜರ ಸಿಕ್ಕಿತು. ಅದು ಕಾಣೆಯಾದ ಒಬ್ಬ ಹೆಣ್ಣುಮಗಳದ್ದೇ ಎಂದು ಆಕೆಯ ಗಂಡನ ಮೇಲೆ ಕೊಲೆ ಕೇಸು ಬಿತ್ತು. ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟವನೂ ಅವನೇ. ಡಿಎನ್‌ಎ ಹೊಂದಲಿಲ್ಲ. ಆದರೂ ಅವನು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಸಿಕ್ಕಳು. ಮೈಸೂರಿನ ನ್ಯಾಯಾಲಯ ಅದೇ ತಿಂಗಳು ಅವನನ್ನು ಬಿಡುಗಡೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಇದು ದರೋಡೆಯ ಕೇಸಲ್ಲ. ಆದರೆ ಸ್ಟೀಫನ್ ಬರೆದ ಲೆಕ್ಕವೇ ಇಲ್ಲೂ ಇದೆ. ಎರಡು ಸಂಗತಿ ಒಟ್ಟಿಗೆ ನಿಜವಾಗಲಾರವು: ಆರೋಪಿ ಲಾಹೋರಿನಲ್ಲಿದ್ದರೆ ಕಲ್ಕತ್ತದಲ್ಲಿಲ್ಲ, ಹೆಂಡತಿ ಮಡಿಕೇರಿಯಲ್ಲಿ ಬದುಕಿದ್ದರೆ ಬೆಟ್ಟದಪುರದಲ್ಲಿ ಸತ್ತಿಲ್ಲ. ಆ ಮೂಳೆಗಳು ಯಾರದೋ ಮನೆಯವರದ್ದು. ತಪ್ಪಾದವನನ್ನು ಹಿಡಿದು ಕೇಸು ಮುಗಿಸಿದರೆ ಆ ಮನೆಗೂ ನ್ಯಾಯ ಸಿಗದು. ಸಾಕ್ಷಿಯನ್ನು ಪ್ರಮಾಣಿಸಿ ನೋಡುವುದು ಆರೋಪಿಗೆ ಮಾಡುವ ಉಪಕಾರವಲ್ಲ, ಸತ್ತವರಿಗೆ ಸಲ್ಲಬೇಕಾದ ಬಾಕಿ.